ಓಪನ್ ಸೋರ್ಸ್ ಪಾಠ ಎಲ್ಲಿ ಮಾಡಿಸೋಣ? ತರಗತಿಯ ರೆಪೊ, ಅನುವಾದ, ನಕ್ಷೆ, ವಿಕಿಪೀಡಿಯ, ನಿಜವಾದ ಪ್ರಾಜೆಕ್ಟ್

"ಆ್ಯಪ್ ಓಪನ್ ಆಗ್ತಿಲ್ಲ. ದಯವಿಟ್ಟು ಬೇಗ ಸರಿ ಮಾಡಿ."

ನನ್ನ ವಿದ್ಯಾರ್ಥಿಯೊಬ್ಬ ಒಂದು ಓಪನ್ ಸೋರ್ಸ್ (ಕೋಡ್ ಎಲ್ಲರಿಗೂ ತೆರೆದಿರುವ) ಪ್ರಾಜೆಕ್ಟ್‌ಗೆ ಬರೆದ ಮೊದಲ ಇಶ್ಯೂ (ತೊಂದರೆ ತಿಳಿಸುವ ಬರಹ) ಇದು. ಇಷ್ಟೇ. ಯಾವ ಆವೃತ್ತಿ, ಯಾವ ಫೋನು, ಏನು ಒತ್ತಿದಾಗ ಹೀಗಾಯಿತು, ಒಂದೂ ಇಲ್ಲ. ನಾಲ್ಕು ದಿನ ಕಾದ. ಐದನೇ ದಿನ ಬಂದು, "ಸರ್, ಅವರಿಗೆ ಹೊಸಬರು ಬೇಡ ಅನ್ಸುತ್ತೆ" ಅಂದ.

ಹುಡುಗನಿಗೆ ಗಿಟ್ (ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಉಪಕರಣ) ಚೆನ್ನಾಗಿಯೇ ಬರುತ್ತಿತ್ತು. ಬ್ರಾಂಚ್, ಮರ್ಜ್, ರಿಬೇಸ್ ಎಲ್ಲ ಹೇಳಿಕೊಟ್ಟಿದ್ದೆ. ಮುಖಪರಿಚಯ ಇಲ್ಲದ ಒಬ್ಬರಿಗೆ, ಅವರು ತಿರುಗಿ ಏನೂ ಕೇಳಬೇಕಾಗದ ಹಾಗೆ ಬರೆಯುವುದು ಹೇಗೆ ಅನ್ನೋದನ್ನು ಮಾತ್ರ ಹೇಳಿಕೊಟ್ಟಿರಲಿಲ್ಲ. ತಪ್ಪು ನನ್ನದೇ.

ಆಮೇಲೆ ಈ ಪಾಠವನ್ನು ಬೇರೆ ಬೇರೆ ಜಾಗಗಳಲ್ಲಿ ಮಾಡಿಸಿ ನೋಡಿದೆ. ಎಲ್ಲ ಕಡೆಯೂ ಏನೋ ಸಿಗುತ್ತದೆ, ಆದರೆ ಎಲ್ಲ ಕಡೆಯೂ ಒಂದೇ ಸಿಗುವುದಿಲ್ಲ. ಕೈಯಲ್ಲಿ ಒಂದು ಸೆಮಿಸ್ಟರ್, ಮುಂದೆ ಒಂದು ತರಗತಿ ಇಟ್ಟುಕೊಂಡು "ಎಲ್ಲಿಂದ ಶುರು ಮಾಡಲಿ?" ಎಂದು ಯೋಚಿಸುತ್ತಿರುವ ಮೇಷ್ಟ್ರು, ಮೇಡಂಗಳಿಗೆ ಈ ಬರಹ.

ಕಲಿಸಬೇಕಾದ್ದು ಗಿಟ್ ಅಲ್ಲ

ಲಿನಕ್ಸ್ ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳು, ಶುರುವಾದದ್ದು 1991ರಲ್ಲಿ. ಗಿಟ್ ಬಂದದ್ದು 2005ರಲ್ಲಿ. ನಡುವಿನ ವರ್ಷಗಳಲ್ಲಿ ಬಹುಪಾಲು ಕಾಲ ಕರ್ನಲ್ ಬಳಗ ಕೆಲಸ ನಡೆಸಿದ್ದು ಈಮೇಲ್‌ನಲ್ಲಿ ಪ್ಯಾಚ್ (ಕೋಡಿನ ತಿದ್ದುಪಡಿ) ಕಳಿಸಿ, ಅದರ ಕೆಳಗೇ ವಾದ ಮಾಡಿ. ಈಗಲೂ ಕರ್ನಲ್ ಪ್ಯಾಚ್‌ಗಳು ಓಡಾಡುವುದು ಈಮೇಲ್‌ನಲ್ಲೇ. ಅಂದರೆ ಕೂಡಿ ಕೆಲಸ ಮಾಡುವ ಅಭ್ಯಾಸ ಮೊದಲು ಬಂತು, ಅದಕ್ಕೆ ತಕ್ಕ ಹಾಗೆ ಉಪಕರಣ ಆಮೇಲೆ ಬಂತು. ನಾವು ತರಗತಿಯಲ್ಲಿ ಇದನ್ನು ಉಲ್ಟಾ ಮಾಡುತ್ತೇವೆ.

ಆ ಅಭ್ಯಾಸ ಏನು? ಹಲವು ಓಪನ್ ಸೋರ್ಸ್ ಪ್ರಾಜೆಕ್ಟ್ ನಡೆಸುವ ಅಪಾಚೆ ಬಳಗದಲ್ಲಿ ಒಂದು ಮಾತಿದೆ: ಮೇಲಿಂಗ್ ಲಿಸ್ಟ್‌ನಲ್ಲಿ ಆಗದೇ ಇದ್ದದ್ದು ಆಗಿಯೇ ಇಲ್ಲ. ಇಬ್ಬರು ಫೋನಿನಲ್ಲಿ ಮಾತಾಡಿ ತೀರ್ಮಾನ ಮಾಡಿಕೊಂಡರೆ ಲೆಕ್ಕಕ್ಕಿಲ್ಲ, ಎಲ್ಲರೂ ಓದುವ ಜಾಗದಲ್ಲಿ ಬರೆಯಬೇಕು. ಮತ ಹಾಕುವುದಿದ್ದರೆ +1, 0, -1 (ಒಪ್ಪಿಗೆ, ತಟಸ್ಥ, ವಿರೋಧ) ಎಂದು ಬರೆಯುತ್ತಾರೆ, ಸಾಮಾನ್ಯವಾಗಿ ಕನಿಷ್ಠ 72 ಗಂಟೆ ಬಿಡುತ್ತಾರೆ. ಯಾಕೆ 72? ಒಬ್ಬರು ಮಲಗಿರುವಾಗ ಇನ್ನೊಬ್ಬರು ಎದ್ದಿರುತ್ತಾರೆ. ತುಂಬಾ ಜನ ಸಂಬಳದ ಕೆಲಸ ಮುಗಿಸಿ ಬಂದು ಇದನ್ನು ಮಾಡುವವರು. ವಾರಾಂತ್ಯಕ್ಕೆ ಮಾತ್ರ ಕೈಗೆ ಸಿಗುವವರೂ ಇದ್ದಾರೆ.

ಹಾಗಾಗಿ ಕಲಿಯಬೇಕಾದ್ದು ಇಷ್ಟು: ಎಲ್ಲರ ಮುಂದೆ ಕೇಳುವುದು, ಕಾಯುವುದು, ತಿದ್ದಿಸಿಕೊಳ್ಳುವುದು, ಬೇರೆಯವರದ್ದನ್ನು ತಿದ್ದುವುದು, "ಇಲ್ಲ" ಅನ್ನಿಸಿಕೊಂಡು ಮತ್ತೆ ಬರುವುದು.

ಯಾವುದೇ ಜಾಗವನ್ನು ಆರಿಸುವ ಮೊದಲು ನಾನು ಈಗ ಮೂರು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಮಕ್ಕಳು ಬರೆದದ್ದಕ್ಕೆ ಉತ್ತರ ಕೊಡುವವರು ಯಾರು, ಗೆಳೆಯರೋ ಅಪರಿಚಿತರೋ? ಉತ್ತರ ಸೆಮಿಸ್ಟರ್ ಮುಗಿಯುವುದರೊಳಗೆ ಬರುತ್ತದಾ? ಮಕ್ಕಳು ತಪ್ಪು ಮಾಡಿದರೆ ಅದನ್ನು ಸರಿಮಾಡುವ ಕೆಲಸ ಯಾರ ಪಾಲಿಗೆ ಬೀಳುತ್ತದೆ? ಮೂರನೆಯದನ್ನು ನಾನು ಬಹಳ ತಡವಾಗಿ ಕೇಳಿಕೊಂಡೆ. ಅದರ ಕತೆ ಮುಂದೆ ಬರುತ್ತದೆ.

ತರಗತಿಯದ್ದೇ ಒಂದು ರೆಪೊ

ಗಿಟ್‌ಹಬ್, ಗಿಟ್‌ಲ್ಯಾಬ್, ಕೋಡ್‌ಬರ್ಗ್, ಎಲ್ಲಿ ಬೇಕಾದರೂ ಒಂದು ರೆಪೊ (ಫೈಲ್‌ಗಳನ್ನೂ ಅವುಗಳ ಬದಲಾವಣೆಗಳನ್ನೂ ಇಡುವ ಜಾಗ) ತೆರೆಯಬಹುದು. ಇಲ್ಲಿ ತಪ್ಪು ಅಗ್ಗ. ಏನೇ ಕೆಡಿಸಿದರೂ ಹೊರಗಿನವರಿಗೆ ತೊಂದರೆ ಇಲ್ಲ. ಮೊದಲ ಎರಡು ಮೂರು ವಾರಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ.

ನಾನು ಮಾಡಿಸುವ ಒಂದು ಆಟ ಹೇಳುತ್ತೇನೆ. ರೆಪೊದಲ್ಲಿ "ನಮ್ಮ ನಿಯಮಗಳು" ಅಂತ ಒಂದು ಫೈಲ್. ಅದರಲ್ಲಿ ಒಂದು ಸಾಲು: "ರಿವ್ಯೂ ಕೇಳಿದರೆ ಎರಡು ದಿನದಲ್ಲಿ ಉತ್ತರಿಸಬೇಕು." ಒಬ್ಬಳಿಗೆ ಇದನ್ನು ಮೂರು ದಿನ ಮಾಡು ಅನ್ನುತ್ತೇನೆ. ಅವಳಿಗೆ ಗೊತ್ತಾಗದ ಹಾಗೆ ಇನ್ನೊಬ್ಬನಿಗೆ ಅದೇ ಸಾಲನ್ನು "ಭಾನುವಾರ ಬಿಟ್ಟು ಎರಡು ದಿನ" ಮಾಡು ಅನ್ನುತ್ತೇನೆ. ಮೊದಲನೆಯದು ಮರ್ಜ್ ಆಗುತ್ತದೆ, ಅಂದರೆ ಮೂಲ ಫೈಲ್‌ಗೆ ಸೇರಿಕೊಳ್ಳುತ್ತದೆ. ಎರಡನೆಯದು ಬಂದಾಗ ಗಿಟ್ ಎರಡೂ ಸಾಲುಗಳನ್ನು ಬಾಣದ ಗುರುತುಗಳ ನಡುವೆ ಇಟ್ಟು ಸುಮ್ಮನಾಗುತ್ತದೆ. ಯಾವುದು ಸರಿ ಅಂತ ಗಿಟ್‌ಗೆ ಗೊತ್ತಿಲ್ಲ, ಗೊತ್ತಾಗುವುದೂ ಇಲ್ಲ. ಅದು ಮನುಷ್ಯರು ಮಾತಾಡಿ ಬಗೆಹರಿಸಬೇಕಾದ್ದು.

ಷರತ್ತು ಒಂದೇ: ಬಾಯಿ ಬಿಡುವ ಹಾಗಿಲ್ಲ. ಪಕ್ಕದ ಬೆಂಚಿನಲ್ಲೇ ಕೂತಿದ್ದರೂ ಇಶ್ಯೂನಲ್ಲೇ ಬರೆಯಬೇಕು. ಮೊದಲ ಐದು ನಿಮಿಷ ನಗು, ಕಣ್ಸನ್ನೆ. ಆಮೇಲೆ ಕೋಣೆಯಲ್ಲಿ ಕೀಲಿಮಣೆ ಸದ್ದು ಬಿಟ್ಟರೆ ಏನೂ ಇರುವುದಿಲ್ಲ. ಒಂದು ಸಲ ಹುಡುಗಿಯೊಬ್ಬಳು ಬರೆದಳು: "ಭಾನುವಾರದ ವಿಷಯ ನಾನು ಯೋಚಿಸಿರಲಿಲ್ಲ. ಹಾಗಾದರೆ ಮೂರು ದಿನ ಬೇಕಾಗಿಲ್ಲ, ನಿನ್ನದೇ ಇರಲಿ." ಬಾಯಲ್ಲಿ ಆಗಿದ್ದರೆ ಹತ್ತು ನಿಮಿಷ ಜಗಳ ಆಗುತ್ತಿತ್ತು.

ಈ ಜಾಗದ ದೊಡ್ಡ ಕೊರತೆ, ಎಲ್ಲರೂ ಸ್ನೇಹಿತರು. ಮುನ್ನೂರು ಸಾಲಿನ ಬದಲಾವಣೆಗೆ ಎರಡು ನಿಮಿಷದಲ್ಲಿ "ಸೂಪರ್, ಮರ್ಜ್ ಮಾಡು" ಅಂತ ರಿವ್ಯೂ ಬೀಳುತ್ತದೆ. ಗೆಳೆಯನ ತಪ್ಪನ್ನು ಬರೆದಿಡಲು ಯಾರಿಗೂ ಮನಸ್ಸಿಲ್ಲ. ನಾನು ಕೋಡಿಗಿಂತ ರಿವ್ಯೂಗೆ ಜಾಸ್ತಿ ಅಂಕ ಇಟ್ಟ ಮೇಲೆ ಸ್ವಲ್ಪ ಸುಧಾರಿಸಿತು. ಬೇರೆ ಕಾಲೇಜಿನ ತರಗತಿಯೊಂದಿಗೆ ರೆಪೊ ಅದಲುಬದಲು ಮಾಡಿಕೊಂಡಾಗ ಇನ್ನೂ ಸುಧಾರಿಸಿತು. ಆದರೂ ಅದು ಈಜುಕೊಳವೇ, ಹೊಳೆ ಅಲ್ಲ.

ಶುರು ಮಾಡುವ ಮುಂಚೆ ಒಂದು ಎಚ್ಚರಿಕೆ. ಗಿಟ್‌ಹಬ್‌ನಲ್ಲಿ 13 ವರ್ಷ ತುಂಬದವರು ಖಾತೆ ತೆರೆಯುವ ಹಾಗಿಲ್ಲ. ಉಳಿಸಿದ ಪ್ರತಿ ಬದಲಾವಣೆಯಲ್ಲೂ, ಅಂದರೆ ಪ್ರತಿ ಕಮಿಟ್‌ನಲ್ಲೂ ಈಮೇಲ್ ವಿಳಾಸ ಸೇರಿಕೊಳ್ಳುತ್ತದೆ, ರೆಪೊ ಸಾರ್ವಜನಿಕವಾಗಿದ್ದರೆ ಯಾರು ಬೇಕಾದರೂ ನೋಡಬಹುದು. ವಿಳಾಸ ಮರೆಮಾಡುವ ಸೆಟ್ಟಿಂಗ್ ಇದೆ. ಅದನ್ನು ಮೊದಲ ದಿನವೇ ಮಾಡಿಸಿಬಿಡಿ. ಒಮ್ಮೆ ಹೋದದ್ದನ್ನು ಹಿಂದಕ್ಕೆ ತರುವುದು ಕಷ್ಟ.

ಅನುವಾದ

ಕೋಡ್ ಬರದ ತರಗತಿಗೆ ನನ್ನ ಮೊದಲ ಆಯ್ಕೆ ಇದು. ವೆಬ್ಲೇಟ್ ಎಂಬ ಅನುವಾದದ ಉಪಕರಣ ಬಳಸುವ ಪ್ರಾಜೆಕ್ಟ್‌ಗಳು ಬೇಕಾದಷ್ಟಿವೆ. ವಿಕಿಪೀಡಿಯ ನಡೆಸುವ ಮೀಡಿಯಾವಿಕಿ ತಂತ್ರಾಂಶದ ಅನುವಾದ ಟ್ರಾನ್ಸ್‌ಲೇಟ್‌ವಿಕಿ ತಾಣದಲ್ಲಿ ನಡೆಯುತ್ತದೆ. ಬ್ರೌಸರ್ ಒಂದಿದ್ದರೆ ಸಾಕು. ವೆಬ್ಲೇಟ್‌ನಲ್ಲಿ ಮಾಡಿದ ಅನುವಾದ ಕೊನೆಗೆ ಗಿಟ್ ರೆಪೊಗೇ ಹೋಗಿ ಸೇರುತ್ತದೆ, ಅನುವಾದಿಸಿದವರ ಹೆಸರಿನ ಸಮೇತ.

ಸುಲಭ ಅನ್ನಿಸುತ್ತದೆ ಅಲ್ವಾ? "ಓಪನ್" ಅನ್ನುವ ಒಂದೇ ಪದ ಕೊಡುತ್ತೇನೆ, ಕನ್ನಡಕ್ಕೆ ತನ್ನಿ. ಅದು ಗುಂಡಿಯ ಮೇಲಿದ್ದರೆ "ತೆರೆ". ದೂರಿನ ಸ್ಥಿತಿ ತೋರಿಸುವ ಕಡೆ ಇದ್ದರೆ "ಇನ್ನೂ ಬಾಕಿ ಇದೆ". ಅನುವಾದದ ಪೆಟ್ಟಿಗೆಯಲ್ಲಿ ಪದ ಮಾತ್ರ ಕಾಣುತ್ತದೆ, ಅದು ಎಲ್ಲಿ ಬರುತ್ತದೆ ಅಂತ ಕಾಣುವುದಿಲ್ಲ. ಆಗ ಕೆಳಗೆ ಕಾಮೆಂಟ್ ಹಾಕಿ ಕೇಳಲೇಬೇಕು: ಈ ಪದ ಯಾವ ಪರದೆಯಲ್ಲಿ ಬರುತ್ತದೆ? ಇದು ಕ್ರಿಯೆಯೋ ಸ್ಥಿತಿಯೋ? ಕೇಳದೆ ಊಹಿಸಿದವರ ಅನುವಾದ ಆ್ಯಪ್ ತೆರೆದ ಕೂಡಲೇ ಗೊತ್ತಾಗುತ್ತದೆ. ಒಳ್ಳೆಯ ಪ್ರಶ್ನೆ ಹೇಗಿರುತ್ತದೆ ಅನ್ನೋದನ್ನು ಇಷ್ಟು ಸಣ್ಣ ಜಾಗದಲ್ಲಿ ಕಲಿಸುವ ಕೆಲಸ ಬೇರೆ ಸಿಕ್ಕಿಲ್ಲ ನನಗೆ.

ಇನ್ನೊಂದು ಲಾಭ ನಾನು ನಿರೀಕ್ಷಿಸಿರಲಿಲ್ಲ. "ಡಿಲೀಟ್"ಗೆ ಒಬ್ಬ "ಅಳಿಸು" ಅಂದ, ಇನ್ನೊಬ್ಬಳು "ತೆಗೆದುಹಾಕು" ಅಂದಳು. ಇಬ್ಬರದ್ದೂ ತಪ್ಪಲ್ಲ, ಆದರೆ ಒಂದೇ ಆ್ಯಪ್‌ನಲ್ಲಿ ಎರಡೂ ಇರುವ ಹಾಗಿಲ್ಲ. ಮೊದಲಿನವರು ಏನು ಬಳಸಿದ್ದಾರೆ ಅಂತ ಹುಡುಕಿದರು. ಪದಪಟ್ಟಿ ಸಿಕ್ಕಿತು. ಇಬ್ಬರಿಗೂ ಇಷ್ಟವಿಲ್ಲದ ಮೂರನೇ ಪದ ಅದರಲ್ಲಿತ್ತು! ಅದನ್ನೇ ಬಳಸಿದರು. ತನಗೆ ಸರಿ ಅನ್ನಿಸಿದ್ದನ್ನು ಬಿಟ್ಟು ಬಳಗ ಒಪ್ಪಿದ್ದನ್ನು ಹಿಡಿಯುವುದು ದೊಡ್ಡವರಿಗೇ ಕಷ್ಟ.

ತೊಂದರೆ ಒಂದೇ. ಕೆಲವು ಭಾಷೆಗಳಿಗೆ ನೋಡುವವರೇ ಇರುವುದಿಲ್ಲ. ಸಲಹೆಗಳು ತಿಂಗಳುಗಟ್ಟಲೆ ಹಾಗೇ ಬಿದ್ದಿರುತ್ತವೆ. ಪ್ರಾಜೆಕ್ಟ್ ಆರಿಸುವಾಗ ನಿಮ್ಮ ಭಾಷೆಯ ಪುಟಕ್ಕೆ ಹೋಗಿ, ಕೊನೆಯ ಬದಲಾವಣೆ ಯಾವಾಗ ಆಗಿದೆ ನೋಡಿ. ಎರಡು ವರ್ಷ ಹಳೆಯದಾಗಿದ್ದರೆ ಬೇರೆ ಹುಡುಕಿ.

ನಕ್ಷೆ

ಓಪನ್‌ಸ್ಟ್ರೀಟ್‌ಮ್ಯಾಪ್ ಯಾರು ಬೇಕಾದರೂ ತಿದ್ದಬಹುದಾದ ಜಗತ್ತಿನ ನಕ್ಷೆ, 2004ರಲ್ಲಿ ಶುರುವಾಯಿತು. ಇಲ್ಲಿ ಮಾಡಿದ ತಿದ್ದುಪಡಿಯನ್ನು ಯಾರೂ ಮೊದಲು ನೋಡಿ ಒಪ್ಪುವುದಿಲ್ಲ, ನೇರವಾಗಿ ಸೇರಿಬಿಡುತ್ತದೆ. ಮಕ್ಕಳಿಗೆ ಇದು ಖುಷಿ, ಮೇಷ್ಟ್ರಿಗೆ ತಲೆನೋವು. ಪ್ರತಿ ಸಲ ಉಳಿಸುವಾಗಲೂ ಒಂದು ಟಿಪ್ಪಣಿ ಬರೆಯಬೇಕು. "ಅಪ್‌ಡೇಟ್" ಎಂದು ಬರೆಯುವ ತರಗತಿಗೂ, "ಗ್ರಂಥಾಲಯದ ಹಿಂದಿನ ಕಾಲುದಾರಿ ಸೇರಿಸಿದೆ, ನಡೆದು ನೋಡಿದ್ದು" ಎಂದು ಬರೆಯುವ ತರಗತಿಗೂ ಇರುವ ಅಂತರವೇ ಇಲ್ಲಿಯ ಪಾಠ.

ಲೈಸೆನ್ಸ್ ವಿಷಯ ಇಲ್ಲಿ ತಾನಾಗಿಯೇ ಬರುತ್ತದೆ. ಗೂಗಲ್ ಮ್ಯಾಪ್ಸ್ ನೋಡಿ ನಕಲು ಮಾಡುವ ಹಾಗಿಲ್ಲ. ಯಾಕೆ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಒಂದು ಗಂಟೆಯ ಉಪನ್ಯಾಸಕ್ಕಿಂತ ಆ ಪ್ರಶ್ನೆ ಚೆನ್ನಾಗಿ ಕೆಲಸ ಮಾಡುತ್ತದೆ.

ಗುಂಪಾಗಿ ಮಾಡಿಸುವುದಾದರೆ ಹ್ಯುಮ್ಯಾನಿಟೇರಿಯನ್ ಓಪನ್‌ಸ್ಟ್ರೀಟ್‌ಮ್ಯಾಪ್ ತಂಡದ ಟಾಸ್ಕಿಂಗ್ ಮ್ಯಾನೇಜರ್ ಒಳ್ಳೆಯದು. 2010ರಲ್ಲಿ ಹೈಟಿಯಲ್ಲಿ ಭೂಕಂಪ ಆದಾಗ ಜಗತ್ತಿನ ಬೇರೆ ಬೇರೆ ಕಡೆಯವರು ಉಪಗ್ರಹ ಚಿತ್ರ ನೋಡಿ ಅಲ್ಲಿಯ ನಕ್ಷೆ ಬಿಡಿಸಿದ್ದರು. ಆ ಬಗೆಯ ಕೆಲಸವನ್ನು ಹಂಚಿಕೊಳ್ಳಲು ಈಗಿರುವ ವ್ಯವಸ್ಥೆ ಇದು. ಪ್ರದೇಶವನ್ನು ಚೌಕಗಳಾಗಿ ಹಂಚುತ್ತಾರೆ. ಒಬ್ಬರು ಒಂದು ಚೌಕ ಹಿಡಿದರೆ ಇನ್ನೊಬ್ಬರಿಗೆ ಅದು ಸಿಗುವುದಿಲ್ಲ. ಮುಗಿಸಿದ ಮೇಲೆ ಅನುಭವಿಗಳು ಪರಿಶೀಲಿಸಿ, ಸರಿ ಇಲ್ಲದಿದ್ದರೆ ಕಾರಣ ಬರೆದು ವಾಪಸ್ ಕಳಿಸುತ್ತಾರೆ. ಎರಡು ಮೂರು ವಾರದ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿದೆ. ಆದರೆ ಮಾತುಕತೆ ಕಡಿಮೆ. ಕೂಡಿ ತೀರ್ಮಾನ ಮಾಡುವುದನ್ನು ಇಲ್ಲಿ ಕಲಿಯುವುದು ಕಷ್ಟ.

ವಿಕಿಪೀಡಿಯ

ಉತ್ತರ ಬೇಗ ಬೇಕಾ? ಇಲ್ಲಿಗೆ ಬನ್ನಿ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಎಡವಟ್ಟು ಮಾಡಿದರೆ ಕೆಲವೊಮ್ಮೆ ನಿಮಿಷಗಳಲ್ಲೇ ಹಿಂದಕ್ಕೆ ಹೋಗಿರುತ್ತದೆ. ಎರಡು ದಿನ ಕೂತು ಬರೆದದ್ದು ಒಂದು ಕ್ಲಿಕ್ಕಿಗೆ ಮಾಯ ಆದಾಗ ಮಕ್ಕಳ ಮುಖ ನೋಡಬೇಕು. ಸಣ್ಣ ಭಾಷೆಗಳ ವಿಕಿಗಳಲ್ಲಿ ಇದು ನಿಧಾನ, ಜನ ಕಡಿಮೆ, ಮಾತೂ ಸ್ವಲ್ಪ ಮೆದು.

ಹಿಂದಕ್ಕೆ ಹೋದದ್ದೇ ಪಾಠದ ಆರಂಭ. ಅಲ್ಲಿಯ ರೂಢಿ ಹೀಗೆ: ಧೈರ್ಯವಾಗಿ ತಿದ್ದು, ಯಾರಾದರೂ ತೆಗೆದರೆ ಮತ್ತೆ ಹಾಕಬೇಡ, ಚರ್ಚೆ ಪುಟಕ್ಕೆ ಹೋಗಿ ಕೇಳು. ಜೊತೆಗೆ, ಎದುರಿನವರ ಉದ್ದೇಶ ಒಳ್ಳೆಯದೇ ಎಂದು ನಂಬಿ ಶುರು ಮಾಡು. ಬಿಸಿ ರಕ್ತದ ಹುಡುಗರಿಗೆ ಈ ಕೊನೆಯದನ್ನು ಪಾಲಿಸುವುದೇ ಕಷ್ಟ. "ನಾನು ಹಾಕಿದ್ದನ್ನು ಯಾಕೆ ತೆಗೆದಿರಿ?" ಅನ್ನುವುದನ್ನು "ಈ ಸಾಲಿಗೆ ಕೊಟ್ಟ ಆಧಾರ ಸಾಕಾಗಲಿಲ್ಲವೇ? ಈ ಪುಸ್ತಕದ 42ನೇ ಪುಟ ಕೊಟ್ಟರೆ ಸರಿ ಹೋಗುತ್ತದೆಯೇ?" ಎಂದು ತಿದ್ದಿ ಬರೆಸಲು ನಾನು ಒಂದು ಇಡೀ ತರಗತಿ ತೆಗೆದುಕೊಳ್ಳುತ್ತೇನೆ.

ಲೇಖನ ಉಳಿಯಿತೋ ಇಲ್ಲವೋ ಅನ್ನುವುದರ ಮೇಲೆ ಅಂಕ ಕೊಡಬೇಡಿ. ಕೊಟ್ಟರೆ ಮಕ್ಕಳು ಸಂಪಾದಕರ ಜೊತೆ ಜಗಳಕ್ಕೆ ಇಳಿಯುತ್ತಾರೆ. ಕದ್ದ ಪ್ಯಾರಾ ಹಾಕುವವರು ಪ್ರತಿ ತರಗತಿಯಲ್ಲೂ ಇಬ್ಬರು ಮೂವರು ಇರುತ್ತಾರೆ, ಅವರದ್ದನ್ನು ಪ್ರಯೋಗಪುಟದಲ್ಲೇ ಹಿಡಿಯಿರಿ.

ನಿಜವಾದ ಪ್ರಾಜೆಕ್ಟ್

ಎಲ್ಲರಿಗೂ ಕಣ್ಣು ಇದರ ಮೇಲೆಯೇ. ರೆಸ್ಯೂಮೆಗೆ ಹಾಕಿಕೊಳ್ಳಬಹುದಲ್ಲ! ಕಲಿಕೆ ಅತಿ ಹೆಚ್ಚು ಇರುವುದೂ ಇಲ್ಲೇ, ಬೇರೆಯವರಿಗೆ ತೊಂದರೆ ಕೊಡುವ ಅವಕಾಶ ಅತಿ ಹೆಚ್ಚು ಇರುವುದೂ ಇಲ್ಲೇ.

ಈಗ ನನ್ನ ಕತೆ. ಒಂದು ವರ್ಷ "ಪ್ರತಿಯೊಬ್ಬರೂ ಒಂದು ಪುಲ್ ರಿಕ್ವೆಸ್ಟ್ ಕಳಿಸಬೇಕು, ಹತ್ತು ಅಂಕ" ಎಂದುಬಿಟ್ಟೆ. (ಪುಲ್ ರಿಕ್ವೆಸ್ಟ್ ಅಂದರೆ ನನ್ನ ಬದಲಾವಣೆಯನ್ನು ನಿಮ್ಮದಕ್ಕೆ ಸೇರಿಸಿಕೊಳ್ಳಿ ಎಂಬ ಕೋರಿಕೆ.) ಕೊನೆಯ ದಿನದ ಸಂಜೆ ಒಬ್ಬನಿಗೆ ಒಂದು ಸಣ್ಣ ಪ್ರಾಜೆಕ್ಟ್ ಸಿಕ್ಕಿತು, ವಾಟ್ಸಾಪ್ ಗುಂಪಿಗೆ ಹಾಕಿದ. ಅಷ್ಟೇ. ರಾತ್ರಿ ಕಳೆಯುವುದರೊಳಗೆ ಆ ಪ್ರಾಜೆಕ್ಟ್‌ಗೆ ಇಪ್ಪತ್ತಕ್ಕೂ ಹೆಚ್ಚು ಪುಲ್ ರಿಕ್ವೆಸ್ಟ್. ಒಂದರಲ್ಲಿ ಒಂದು ಅಲ್ಪವಿರಾಮ, ಇನ್ನೊಂದರಲ್ಲಿ ಶೀರ್ಷಿಕೆಗೆ ಒಂದು ಎಮೋಜಿ. ಅದನ್ನು ನೋಡಿಕೊಳ್ಳುತ್ತಿದ್ದವರು ಒಬ್ಬರೇ. ಬೆಳಿಗ್ಗೆ ಅವರು ಎಲ್ಲವನ್ನೂ ಮುಚ್ಚಿ ಒಂದರ ಕೆಳಗೆ ಬರೆದಿದ್ದರು: "ಇದು ಯಾವುದೋ ತರಗತಿಯ ಕೆಲಸ ಇರಬೇಕು. ನಿಮ್ಮ ಅಧ್ಯಾಪಕರಿಗೆ ನನಗೊಂದು ಪತ್ರ ಬರೆಯಲು ಹೇಳಿ." ಬರೆದೆ, ಕ್ಷಮೆ ಕೇಳಿದೆ. ಅವರು ತುಂಬಾ ಸೌಜನ್ಯದಿಂದ ಉತ್ತರ ಕೊಟ್ಟರು, ಅದರಿಂದ ಇನ್ನೂ ಜಾಸ್ತಿ ನಾಚಿಕೆಯಾಯಿತು.

ನನ್ನ ತರಗತಿಯಲ್ಲಿ ಆದದ್ದು ದೊಡ್ಡ ಮಟ್ಟದಲ್ಲೂ ಆಗಿದೆ. ಡಿಜಿಟಲ್‌ಓಷನ್ ಕಂಪನಿ 2014ರಲ್ಲಿ ಶುರು ಮಾಡಿದ ಹ್ಯಾಕ್ಟೋಬರ್‌ಫೆಸ್ಟ್‌ನಲ್ಲಿ ಅಕ್ಟೋಬರ್ ತಿಂಗಳಲ್ಲಿ ಇಂತಿಷ್ಟು ಪುಲ್ ರಿಕ್ವೆಸ್ಟ್ ಕಳಿಸಿದವರಿಗೆ ಟೀಶರ್ಟ್ ಸಿಗುತ್ತಿತ್ತು. 2020ರಲ್ಲಿ ಟೀಶರ್ಟಿಗಾಗಿ ಎಷ್ಟು ಕಸ ಬಂತೆಂದರೆ, ನಡುವೆಯೇ ನಿಯಮ ಬದಲಾಯಿಸಿ, ಒಪ್ಪಿಕೊಂಡ ಪ್ರಾಜೆಕ್ಟ್‌ಗಳಿಗೆ ಮಾತ್ರ ಸೀಮಿತ ಮಾಡಬೇಕಾಯಿತು. 2021ರಲ್ಲಿ ಇನ್ನೂ ಗಂಭೀರವಾದದ್ದು ಸುದ್ದಿಯಾಯಿತು. ಮಿನೆಸೋಟ ವಿಶ್ವವಿದ್ಯಾಲಯದ ಸಂಶೋಧಕರು ರಿವ್ಯೂ ಮಾಡುವವರನ್ನು ಪರೀಕ್ಷಿಸಲೆಂದು, ಹೇಳದೆ ಕೇಳದೆ, ಬೇಕೆಂದೇ ದೋಷವಿರುವ ಪ್ಯಾಚ್‌ಗಳನ್ನು ಲಿನಕ್ಸ್ ಕರ್ನಲ್‌ಗೆ ಕಳಿಸಿದ್ದರು. ವಿಷಯ ದೊಡ್ಡದಾದ ಮೇಲೆ ಇಡೀ ವಿಶ್ವವಿದ್ಯಾಲಯದ ಕೊಡುಗೆಗಳಿಗೇ ಬಾಗಿಲು ಹಾಕಿದರು. ಅಂಕಕ್ಕೋ ಟೀಶರ್ಟಿಗೋ ಪ್ರಬಂಧಕ್ಕೋ, ಬಿಟ್ಟಿ ಸಮಯ ಕೊಡುವವರ ನಂಬಿಕೆಯನ್ನು ಖರ್ಚು ಮಾಡುತ್ತಿದ್ದೇವೆ ಅನ್ನೋದು ನೆನಪಿರಬೇಕು.

ಹಾಗಾದರೆ ಬೇಡವೇ? ಬೇಕು, ಆದರೆ ಎಲ್ಲರಿಗೂ ಅಲ್ಲ. ತರಗತಿಯಲ್ಲಿ ಮನಸ್ಸಿರುವ ಐದಾರು ಜನರಿಗೆ ಸಾಕು. ಮೊದಲು ನೀವೇ ಪ್ರಾಜೆಕ್ಟ್‌ನವರಿಗೆ ಬರೆದು ಕೇಳಿ. ಕಳೆದ ಒಂದು ತಿಂಗಳಲ್ಲಿ ಹೊರಗಿನವರ ಪುಲ್ ರಿಕ್ವೆಸ್ಟ್ ಮರ್ಜ್ ಆಗಿದೆಯಾ ನೋಡಿ. "ಗುಡ್ ಫಸ್ಟ್ ಇಶ್ಯೂ" (ಹೊಸಬರಿಗೆ ತಕ್ಕ ಕೆಲಸ) ಅನ್ನುವ ಲೇಬಲ್ ಇದ್ದ ಮಾತ್ರಕ್ಕೆ ನಂಬಬೇಡಿ, ಅದು ಮೂರು ವರ್ಷದ ಹಿಂದೆ ಹಚ್ಚಿದ್ದಿರಬಹುದು. ಕೊಡುಗೆಯ ನಿಯಮ, ನಡವಳಿಕೆಯ ನಿಯಮ ಎರಡನ್ನೂ ಮಕ್ಕಳ ಕೈಯಲ್ಲಿ ಓದಿಸಿ. ಎಐ ಬರೆದ ಕೋಡ್ ಬಗ್ಗೆ ಏನಿದೆ ಅಂತ ತಪ್ಪದೆ ನೋಡಿ. ಜೆಂಟೂ, ನೆಟ್‌ಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಮ್ ಪ್ರಾಜೆಕ್ಟ್‌ಗಳೆರಡೂ 2024ರಲ್ಲೇ ಅಂಥದ್ದು ಬೇಡ ಎಂದು ನಿಯಮ ಮಾಡಿವೆ.

ಕೋಡಿಗಿಂತ ಮೊದಲು ದೋಷವರದಿ ಮಾಡಿಸಿ. ಮೇಲೆ ಹೇಳಿದ ಹುಡುಗನ ಎರಡನೇ ಇಶ್ಯೂ ಹೀಗಿತ್ತು: "ಆವೃತ್ತಿ 3.2, ಆಂಡ್ರಾಯ್ಡ್ 12. ಫೋನಿನ ಭಾಷೆ ಕನ್ನಡ ಇದ್ದಾಗ ಆ್ಯಪ್ ತೆರೆದ ಕೂಡಲೇ ಮುಚ್ಚಿಕೊಳ್ಳುತ್ತದೆ. ಇಂಗ್ಲಿಷ್‌ಗೆ ಬದಲಾಯಿಸಿದರೆ ಸರಿಯಾಗಿ ತೆರೆಯುತ್ತದೆ. ಮೂರು ಸಲ ನೋಡಿದೆ. ಲಾಗ್ ಕೆಳಗಿದೆ. ಇನ್ನೇನಾದರೂ ಬೇಕಿದ್ದರೆ ಹೇಳಿ, ಸಂಜೆ ನೋಡಿ ಹೇಳುತ್ತೇನೆ." ಇದನ್ನು ಇಂಗ್ಲಿಷ್‌ನಲ್ಲೇ ಬರೆದಿದ್ದ, ವ್ಯಾಕರಣ ಅಲ್ಲಲ್ಲಿ ತಪ್ಪಿತ್ತು. ಯಾರೂ ಅದನ್ನು ಗಮನಿಸಲೇ ಇಲ್ಲ. ಮಾರನೇ ದಿನ ಉತ್ತರ ಬಂತು.

ಹೊಸಬರಿಂದ ಓಪನ್ ಸೋರ್ಸ್ ಕೆಲಸ ಮಾಡಿಸುವ ಬೇಸಿಗೆಯ ಕಾರ್ಯಕ್ರಮಗಳ ಬಗ್ಗೆ ಕೇಳುವವರಿಗೆ ಎರಡೇ ಮಾತು. ಗೂಗಲ್ ಸಮ್ಮರ್ ಆಫ್ ಕೋಡ್ 2005ರಿಂದ ನಡೆಯುತ್ತಿದೆ. 2022ರಿಂದ ವಿದ್ಯಾರ್ಥಿಗಳಲ್ಲದ, 18 ತುಂಬಿದ ಹೊಸಬರಿಗೂ ಅವಕಾಶ ಇದೆ. ಔಟ್‌ರೀಚಿ ಕೂಡ ಹಣ ಕೊಟ್ಟು ಮಾಡಿಸುವ ಇಂಟರ್ನ್‌ಶಿಪ್, ಆಯ್ಕೆಗೆ ಮುಂಚೆಯೇ ಕೊಡುಗೆ ಕೊಟ್ಟಿರಬೇಕು. ಇವು ತರಗತಿಯ ಪಾಠವಲ್ಲ. ಪಾಠ ಮುಗಿದ ಮೇಲೆ ಇನ್ನೂ ಹಸಿವು ಉಳಿದ ಒಬ್ಬಿಬ್ಬರಿಗೆ.

ನಾನಾಗಿದ್ದರೆ

ಹೈಸ್ಕೂಲ್ ಮಕ್ಕಳಾದರೆ ನಕ್ಷೆ. ಅದೂ ಸ್ವತಃ ನಡೆದು ನೋಡಿದ ಬೀದಿಗಳದ್ದು. ಕೋಡ್ ಬರದ ಕಾಲೇಜು ತರಗತಿಗೆ ಅನುವಾದ, ನಿಮ್ಮ ಭಾಷೆಯಲ್ಲಿ ನೋಡುವವರು ಇದ್ದರೆ ಮಾತ್ರ. ಇಲ್ಲದಿದ್ದರೆ ವಿಕಿಪೀಡಿಯ. ನಾಲ್ಕು ವಾರ ಮಾತ್ರ ಇದ್ದರೆ ತರಗತಿಯ ರೆಪೊ ಬಿಟ್ಟು ಹೊರಗೆ ಹೋಗಲೇಬೇಡಿ, ಉತ್ತರ ಬರುವ ಹೊತ್ತಿಗೆ ಪರೀಕ್ಷೆ ಮುಗಿದಿರುತ್ತದೆ. ಪೂರ್ತಿ ಸೆಮಿಸ್ಟರ್ ಇದ್ದು ಕೋಡ್ ಬರುವವರಾದರೆ ಮೂರು ವಾರ ರೆಪೊ, ನಾಲ್ಕು ವಾರ ಅನುವಾದ, ಆಮೇಲೆ ಇಷ್ಟ ಇದ್ದವರು ನಿಜವಾದ ಪ್ರಾಜೆಕ್ಟ್, ಉಳಿದವರು ಅಲ್ಲೇ ಮುಂದುವರಿಯಲಿ.

ಅಂಕಕ್ಕೆ ಈಗ ನಾನು ಕೇಳುವುದು ಮೂರು ಕೊಂಡಿ. ಒಂದು, ನೀನು ಕೇಳಿದ ಪ್ರಶ್ನೆ. ಎರಡು, ಬೇರೆಯವರ ಕೆಲಸಕ್ಕೆ ನೀನು ಕೊಟ್ಟ ರಿವ್ಯೂ. ಮೂರು, ನಿನಗೆ ಯಾರಾದರೂ "ಇಲ್ಲ" ಅಂದದ್ದು ಮತ್ತು ಅದಕ್ಕೆ ನೀನು ಬರೆದ ಉತ್ತರ. ಮರ್ಜ್ ಆಯಿತೋ ಇಲ್ಲವೋ ನಾನು ಕೇಳುವುದಿಲ್ಲ. ಪ್ರತಿ ವರ್ಷ ಯಾರಾದರೂ ಒಬ್ಬರು ಬಂದು "ಸರ್, ನನಗೆ ಯಾರೂ ಇಲ್ಲ ಅನ್ನಲೇ ಇಲ್ಲ, ಏನ್ ಮಾಡ್ಲಿ?" ಅನ್ನುತ್ತಾರೆ. ಅಂಥವರು ತರಗತಿಯ ರೆಪೊಗೆ ಒಂದು ಪುಲ್ ರಿಕ್ವೆಸ್ಟ್ ಕಳಿಸಿದರೆ ಆಯಿತು, ಅದನ್ನು ನಾನೇ ಮುಚ್ಚಿಕೊಡುತ್ತೇನೆ.